ಕಾಳಪ್ಪ ಬಿಗಿದ ಗಂಟು

ಕಮತಗಿಯ ಸಂತೆ ಮುಗಿಸಿಕೊಂಡು ಕಾಳಪ್ಪ ಮನೆಗೆ ಬಂದಾಗ ಹಿತ್ತಲಲ್ಲಿ ಗೂಟಗಳಿದ್ದವು, ಕುದುರೆಗಳಿರಲಿಲ್ಲ. ಅವುಗಳ ಜಾಗದಲ್ಲಿ ಹೊಚ್ಚ ಹೊಸ ಟೆಂಪೊ ಒಂದು ನಿಂತಿತ್ತು. ಮೂತಿಗೆ ಅರಿಶಿನ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಸುತ್ತ ಹಲ್ಲು ಕಿಸಿಯುತ್ತ ನಿಂತ ಇಬ್ಬರು ತಮ್ಮಂದಿರು.

"ಕುದುರಿ ಎಲ್ಲೆದಾವಲೇ?" ಎಂದು ಕೇಳಿದ ಕಾಳಪ್ಪ.

"ಮಾರಿದ್ವಿ ಅಣ್ಣ. ಇನ್ನ ಮ್ಯಾಲೆ ಸಾಮಾನೆಲ್ಲಾ ಇದರಾಗ. ಕುದುರಿ ಕಟ್ಕೊಂಡು ಏನ್ ಮಾಡೂದೈತಿ?" ಎಂದ ದೊಡ್ಡ ತಮ್ಮ.

ಕಾಳಪ್ಪನ ಕೈಯಲ್ಲಿದ್ದ ಸಂತೆ ಚೀಲ ಅಲ್ಲಿಯೇ ಜಾರಿ ಬಿತ್ತು. ಉಳ್ಳಾಗಡ್ಡಿಗಳು ಉರುಳಿ ಟೆಂಪೊದ ಅಡಿಗೆ ಹೋದವು. ಯಾರಾದರೂ ಸತ್ತ ಸುದ್ದಿ ಕೇಳಿದರೂ ಈ ಮನುಷ್ಯ ಹೀಗೆ ನಿಲ್ಲುತ್ತಿರಲಿಲ್ಲ ಎಂದು ಆಮೇಲೆ ಅವನ ಹೆಂಡತಿ ರಾಮವ್ವ ಓಣಿಯ ಹೆಂಗಸರ ಮುಂದೆ ಹೇಳಿಕೊಂಡಳು.

ಬೀರಪ್ಪ ದೇವರ ಒಕ್ಕಲಿನ ಈ ಕುರಿಗಾರರ ಬದುಕು ಗೊತ್ತಿದ್ದವರಿಗೆ ಅವನ ಸಂಕಟ ತಿಳಿದೀತು. ದೀಪಾವಳಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ನೀರಾವರಿಯ ಹೊಲಗಳ ಕಡೆ ಹೊರಟರೆ ತಿರುಗಿ ಬರುವುದು ಮುಂಗಾರಿಗೆ. ಗಂಡಸರು ಕುರಿಗಳ ಹಿಂದೆ, ಹೆಂಗಸರು ಕುದುರೆಗಳ ಹಿಂದೆ, ಅದು ಹಿರಿಯರು ಹಾಕಿಕೊಟ್ಟ ಲೆಕ್ಕ. ಕುದುರೆ ಅಂದರೆ ರಾಜರ ಕುದುರೆ ಅಲ್ಲ, ಎದೆಮಟ್ಟದ ತಟ್ಟು. ಅದರ ಬೆನ್ನ ಮೇಲೆ ಹಿಟ್ಟಿನ ಚೀಲ, ಗಡಿಗೆ, ಕೋಳಿ, ನಡೆಯಲಾರದ ಕುರಿಮರಿ, ಕೆಲವೊಮ್ಮೆ ನಡೆಯಲಾರದ ಕೂಸು. ಕಾಳಪ್ಪನ ಮಗಳು ಸುರೇಖಾಳೂ ಎರಡು ವರ್ಷದವಳಿದ್ದಾಗ ಹಾಗೆಯೇ ಊರೂರು ತಿರುಗಿ ಬಂದವಳು. ಗಂಡಸಾಗಿ ಹುಟ್ಟಿಯೂ ಕಾಳಪ್ಪ ಮಾತ್ರ ಕುರಿ ಬಿಟ್ಟು ಕುದುರೆಗಳ ಜೊತೆ ನಡೆಯುತ್ತಿದ್ದ. "ಹೆಂಗಸರ ಸಾಲಿನ್ಯಾಗ ಒಬ್ಬ ಮೀಸಿ ಹೊತ್ತಾವ ಬಂದಾನ ನೋಡ್ರಿ" ಎಂದು ಊರವರು ನಗುತ್ತಿದ್ದರು. ಅವನು ಕೇರ್ ಮಾಡಿದವನಲ್ಲ.

ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ರೊಟ್ಟಿ ಮುರಿಯುತ್ತ ಹೇಳಿಯೇ ಬಿಟ್ಟ: "ನಾ ಇನ್ನ ಕುರಿ ಹಿಂದ ಬರಂಗಿಲ್ಲ. ಮಂದಿ ಕುದುರಿ ನೋಡ್ಕೊಂಡು ದುಡೀತೇನಿ."

ರಾಮವ್ವ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆಯೇ ಹೊತ್ತಿತು. "ನಲವತ್ತಾರು ವರ್ಷಕ್ಕ ಮಂದಿ ಕುದುರಿ ಲದ್ದಿ ಬಳ್ಯಾಕ ಆಳಾಗಿ ಹೊಂಟೀರೇನು?"

"ಆಳು ಯಾಕಾಗ್ಲಿ? ಬಡಿಗ್ಯಾರು ಹೆಂಗ ಕರದಲ್ಲಿ ಹೋಗಿ ಕೆಲಸಾ ಮಾಡಿ ಬರ್ತಾರು? ಹಂಗ. ತೊಳೀತೇನಿ, ತಿಕ್ಕತೇನಿ, ಗೊರಸು ಕೆರೀತೇನಿ, ನಡಿಸ್ಕೊಂಡು ಬರ್ತೇನಿ. ನನಗ ನಾನ ಸಾವಕಾರ."

ರಾಮವ್ವ ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. ತಲೆ ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನಷ್ಟು ಹೆದರಿದಳು.

ಸುರೇಖಾ ಬಾಗಲಕೋಟೆಯ ಕಾಲೇಜಿಗೆ ಹೋಗುವ ಹುಡುಗಿ. ಅಪ್ಪನ ಹೆಸರು, ಫೋನ್ ನಂಬರು, "ಕುದುರೆಗಳ ಆರೈಕೆ ಮಾಡಲಾಗುವುದು" ಎಂಬ ಒಂದು ಸಾಲು ಬರೆದು ತನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದಳು. ಹದಿನೈದು ದಿನ ಯಾರೂ ಕರೆಯಲಿಲ್ಲ. ಜಿಲ್ಲೆಯಲ್ಲಿ ಶೋಕಿಗೆ ಸಾಕಿದ ಕುದುರೆಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು, ಅವುಗಳ ಒಡೆಯರು ಕಂಡವರ ಕೈಗೆ ಕುದುರೆ ಕೊಡುವವರಲ್ಲ. ಈ ಕಸುಬಿನಲ್ಲಿ ಅಂಗಡಿಯಿಲ್ಲ, ಹಲಗೆಯಿಲ್ಲ, ಇರುವುದು ಹೆಸರೊಂದೇ. ಹೆಸರು ಎದ್ದರೆ ಮನುಷ್ಯ ಎದ್ದ, ಹೆಸರು ಬಿದ್ದರೆ ಮುಗಿಯಿತು, ಮತ್ತೆ ಕುರಿಯ ಬಾಲ ಹಿಡಿಯಬೇಕು. ಅದು ಕಾಳಪ್ಪನಿಗೂ ಗೊತ್ತಿತ್ತು.

ಮೊದಲ ಕರೆ ಬಾಗಲಕೋಟೆಯ ನವನಗರದಿಂದ ಬಂತು. ಅಲ್ಲಿಯ ಗುತ್ತಿಗೆದಾರರೊಬ್ಬರು ಮಗಳು ಪ್ರಿಯದರ್ಶಿನಿಗೆ ಸವಾರಿ ಕಲಿಸಲೆಂದು ಕಂದು ಬಣ್ಣದ ಕುದುರೆ ತಂದಿದ್ದರು. ಕಾಳಪ್ಪ ಲಾಯದೊಳಗೆ ಕಾಲಿಟ್ಟವನು ಬಾಯಲ್ಲಿ ಬೆರಳಿಟ್ಟ. ಕುದುರೆಯ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೂಲೆಯಲ್ಲಿ ಗಜ್ಜರಿಯ ಬುಟ್ಟಿ. ಗೋಡೆಯ ಮೇಲೆ ಸಾಲಾಗಿ ನಾಲ್ಕು ನಮೂನೆಯ ಬ್ರಷ್ಷು, ಕೊನೆಗೆ ಶಾಂಪೂ ಬಾಟಲಿ.

"ತಂಗಿ, ಇದು ಕುದುರಿಗೇನವ್ವಾ?" ಎಂದು ಕೇಳಿದ.

"ಹೌದ್ರಿ ಕಾಕಾ. ಮೈಗೆ ಒಂದು, ಬಾಲಕ್ಕ ಬ್ಯಾರೆ" ಎಂದಳು ಪ್ರಿಯದರ್ಶಿನಿ.

ಮನೆಗೆ ಬಂದು ರಾಮವ್ವನಿಗೆ ಇದನ್ನು ಹೇಳಿದ. "ನಮ್ಮ ಮದಿವ್ಯಾಗ ನನಗ ಸುರಗಿ ನೀರು ಹಾಕಿದಾಗೂ ಇಷ್ಟು ತಿಕ್ಕಿರಲಿಲ್ಲ." ರಾಮವ್ವ ನಂಬಲಿಲ್ಲ. ಆದರೆ ಕಾಳಪ್ಪ ಆ ನಾಲ್ಕು ಬ್ರಷ್ಷುಗಳ ಬಳಕೆಯನ್ನು ಒಂದೇ ವಾರದಲ್ಲಿ ಕಲಿತ.

ಎರಡನೆಯ ಕರೆ ಇಳಕಲ್ಲಿನಿಂದ. ಶಂಕರಲಿಂಗ ಸೀರೆಯ ವ್ಯಾಪಾರಿ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬಾಯಲ್ಲಿ ಸದಾ "ಶಿವಾ ಶಿವಾ". ಅವನ ಹಾಲು ಬಣ್ಣದ ಹೆಣ್ಣುಕುದುರೆ ಮೋತಿ ಮದುವೆಯ ಮೆರವಣಿಗೆಗೆ ಹೋಗುವ ಕುದುರೆ. ಅದರ ಜೂಲು ಕೊರಳಿಗಿಂತ ಕೆಳಗೆ ಇಳಿಬಿದ್ದಿತ್ತು. ಇಳಕಲ್ಲಿನ ರೇಷ್ಮೆ ಸೆರಗು ನೋಡಿದ ಕಣ್ಣುಗಳೂ ಒಂದು ಗಳಿಗೆ ಅದರ ಮೇಲೆ ನಿಲ್ಲುತ್ತಿದ್ದವು. ವರನಿಗಿಂತ ಹೆಚ್ಚು ಫೋಟೋ ಅದರದೇ ಬರುತ್ತವೆ ಎಂದು ಶಂಕರಲಿಂಗ ಹೆಮ್ಮೆಪಡುತ್ತಿದ್ದ.

ಆದರೆ ಅವನಿಗೆ ಒಂದು ಅವಮಾನವಾಗಿತ್ತು. ಮೊದಲು ಮೋತಿಯನ್ನು ನೋಡಿಕೊಳ್ಳುತ್ತಿದ್ದ ದೀಪಕ ಎಂಬವನು ಹುನಗುಂದದ ಒಂದು ಮದುವೆಯಲ್ಲಿ ಜೀನನ್ನು ಸಡಿಲು ಕಟ್ಟಿದ್ದ. ಬೀಗರ ಮನೆ ಬಾಗಿಲ ಮುಂದೆಯೇ ಜೀನು ಒಂದು ಮಗ್ಗುಲಿಗೆ ವಾಲಿ, ವರ ಬಾಸಿಂಗದ ಸಮೇತ ನೆಲಕ್ಕೆ ಬಿದ್ದಿದ್ದ. ದೀಪಕ ಕೆಲಸ ಬಿಟ್ಟು ಬಾದಾಮಿಯ ಗುರಲಿಂಗಪ್ಪ ಎಂಬ ಜಮೀನುದಾರರ ಎರಡು ಕುದುರೆ ನೋಡಿಕೊಳ್ಳಲು ಹೋಗಿದ್ದ. ಶಂಕರಲಿಂಗನ ಕಿವಿಯಲ್ಲಿ ಆ ನಗೆ ಇನ್ನೂ ಉಳಿದಿತ್ತು.

"ಕಾಳಪ್ಪ, ನನಗ ಒಂದ ಮಾತು" ಎಂದ. "ಜೀನು ಸರೀಬಾರದು. ಉಳದದ್ದು ನೀ ಹೆಂಗಾರ ಮಾಡ್ಕೋ."

"ಸಾವಕಾರ್ರ, ಭೂಮಿ ಸರದೀತು, ನಾ ಕಟ್ಟಿದ್ದು ಸರ್ಯಾಂಗಿಲ್ರಿ" ಎಂದ ಕಾಳಪ್ಪ.

ಅದು ಬಡಾಯಿ ಆಗಿರಲಿಲ್ಲ. ಕುದುರೆಯ ಮೇಲೆ ಹೇರು ಕಟ್ಟುವುದರಲ್ಲಿ ರಾಮವ್ವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ, ಅವಳ ಗಂಟನ್ನೇ ಕಾಳಪ್ಪ ಕಲಿತಿದ್ದ. ಹಗ್ಗದ ಎರಡು ಎಳೆಗಳನ್ನು ಅಡ್ಡ ಹಾಯಿಸಿ, ಮೊಣಕಾಲು ಊರಿ ಜಗ್ಗಿ, ಕೊರಳು ಬೆನ್ನಿಗೆ ಸೇರುವ ಏರಿನ ಮೇಲೆ ಕೂಡಿಸುವ ಗಂಟು. ಕುದುರೆ ನಡೆದಷ್ಟೂ ಅದು ಬಿಗಿಯುತ್ತದೆ. ಆ ಗಂಟಿನ ಭರವಸೆಯ ಮೇಲೆಯೇ ತಾಯಂದಿರು ಕೂಸುಗಳನ್ನು ಹೇರಿನ ಮೇಲೆ ಕೂಡಿಸಿ ಹಳ್ಳ ದಾಟಿಸುತ್ತಿದ್ದರು. ಹೇರು ಕಟ್ಟುವ ಮೊದಲು ತಟ್ಟುವಿನ ಬೆನ್ನ ಮೇಲೆ ಎರಡು ಪದರು ಕಂಬಳಿ ಹಾಸುತ್ತಿದ್ದರು. ಅದನ್ನು ಹಾಸಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಉಸಿರಾಡು ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಮೋತಿಯ ಬೆನ್ನಿಗೆ ಇದ್ದದ್ದು ತೆಳ್ಳನೆಯ ಮಖಮಲ್ಲು, ಅದರ ಮೇಲೆ ಜರಿ. ಮೊದಲ ದಿನ ಕಾಳಪ್ಪ ಮನೆಯಿಂದ ಕಂಬಳಿ ತಂದಿದ್ದ. ಆ ಹಾಲಿನಂಥ ಮೈಯ ಪಕ್ಕ ಹಿಡಿದು ನೋಡಿದ. ಕುರಿಯ ವಾಸನೆ ಹೊಡೆಯುವ ಕರಿ ಕಂಬಳಿ. ಮಂದಿ ನಕ್ಕಾರು ಎನಿಸಿತು. ಇಲ್ಲಿ ಹಿಟ್ಟಿನ ಚೀಲವಿಲ್ಲ, ಗಡಿಗೆಯಿಲ್ಲ, ಒಬ್ಬ ಮದುಮಗನಿಗೆ ಕಂಬಳಿ ಯಾಕೆ ಎಂದುಕೊಂಡು ಮಡಚಿ ಚೀಲದಲ್ಲಿಟ್ಟ. ಶಂಕರಲಿಂಗ ಬೇಡ ಎಂದಿರಲಿಲ್ಲ, ಅವನಿಗೆ ಕಂಬಳಿಯ ಸುದ್ದಿಯೇ ಗೊತ್ತಿರಲಿಲ್ಲ. ನಾಚಿಕೆಪಟ್ಟವನು ಕಾಳಪ್ಪನೇ.

ಮಖಮಲ್ಲಿನ ಮೇಲೆಯೇ ಜೀನು ಹಾಕಿ, ಹೇರಿನ ಆ ಗಂಟಿನಿಂದಲೇ ಬಿಗಿದ. ಜೀನು ಸರಿಯಲಿಲ್ಲ. ಆ ಮದುವೆಯ ಹಂಗಾಮಿನಲ್ಲಿ ಹನ್ನೊಂದು ಮೆರವಣಿಗೆ. ಅಮೀನಗಡದಲ್ಲಿ ನೂರೈವತ್ತು ಕಿಲೋ ತೂಕದ ಮದುಮಗ ಹತ್ತಿ, ಡಿಜೆ ಹಾಡಿಗೆ ಕುದುರೆಯ ಮೇಲೆಯೇ ಕುಣಿದ. ನೋಡುತ್ತಿದ್ದವರು ಹಿಂದಕ್ಕೆ ಸರಿದರು, ಜೀನು ಮಾತ್ರ ಒಂದು ಬೆರಳು ಅಲುಗಲಿಲ್ಲ. "ಯಾಂವ ಕಟ್ಟಿದಾಂವ?" ಎಂದು ಕೇಳಿದರು. ಹೆಸರು ಎದ್ದೇ ಎದ್ದಿತು. ಕುರಿ ಕಾಳಪ್ಪ ಹೋಗಿ ಕುದುರಿ ಕಾಳಪ್ಪ ಆದ. ಬಸ್ಸಿನ ಕಂಡಕ್ಟರುಗಳು ಗುರುತು ಹಿಡಿದು ಮಾತಾಡಿಸತೊಡಗಿದರು. ಬಾದಾಮಿಯ ಗುರಲಿಂಗಪ್ಪನವರೇ ಫೋನ್ ಮಾಡಿ, "ನಮ್ಮ ಕಡೆ ಒಮ್ಮಿ ಬಾರಪ್ಪ, ನೋಡೂಣು" ಎಂದರು. ಆ ಮನೆ ಸಿಕ್ಕರೆ ಕಸುಬು ನೆಲೆ ನಿಂತಂತೆಯೇ ಎಂದು ಕಾಳಪ್ಪ ಕನಸು ಕಟ್ಟಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ಬಾದಾಮಿಗೆ ಯಾವ ಬಸ್ಸು ಎಷ್ಟೊತ್ತಿಗೆ ಎಂಬುದನ್ನೂ ಕೇಳಿಟ್ಟುಕೊಂಡ.

ಮೋತಿ ಮಾತ್ರ ಬದಲಾಗತೊಡಗಿತ್ತು. ಮಖಮಲ್ಲು ಕೈಗೆತ್ತಿಕೊಂಡರೆ ಕಿವಿ ಹಿಂದಕ್ಕೆ ಹಾಕುತ್ತಿತ್ತು. ಕೊರಳ ಹತ್ತಿರ ಕೈ ಒಯ್ದರೆ ತೊಗಲು ನಡುಗಿಸುತ್ತಿತ್ತು. ಒಂದು ದಿನ ಕಾಳಪ್ಪನ ತೋಳನ್ನೇ ಹಲ್ಲಲ್ಲಿ ಹಿಡಿಯಿತು, ಕಚ್ಚಲಿಲ್ಲ, ಹಿಡಿದು ಬಿಟ್ಟಿತು. "ಸೊಕ್ಕು ಬಂದೈತಿ ನಿನಗ, ಗಜ್ಜರಿ ತಿಂದ ಸೊಕ್ಕು" ಎಂದು ಅವನು ಅದರ ಮೂತಿಗೆ ಒಂದು ಬಾರಿಸಿದ. ದಿನಾ ಜೂಲನ್ನು ಮೇಲೆ ಮೇಲೆ ಬಾಚುತ್ತಿದ್ದ, ಎಣ್ಣೆ ಹಚ್ಚುತ್ತಿದ್ದ, ಹೊಳೆಯುವುದನ್ನು ನೋಡಿ ಹಿಗ್ಗುತ್ತಿದ್ದ. ಅಷ್ಟು ಚೆಂದದ ಜೂಲನ್ನು ಎತ್ತಿ ಕೆಳಗೆ ಏನಿದೆ ಎಂದು ನೋಡುವ ಬುದ್ಧಿ ಅವನಿಗೆ ಬರಲಿಲ್ಲ.

ಹನ್ನೆರಡನೆಯ ಮದುವೆ ಬಾಗಲಕೋಟೆಯಲ್ಲಿ, ದೊಡ್ಡವರ ಮನೆಯದು. ಅದರ ಹಿಂದಿನ ದಿನ ಮುಂಜಾನೆ ಕಾಳಪ್ಪ ಇಳಕಲ್ಲಿಗೆ ಬಂದಾಗ ಮೋತಿಯ ಕೊರಳ ಬುಡದಲ್ಲಿ ನೊಣ ಮುತ್ತಿದ್ದವು. ಓಡಿಸಿದ, ಮತ್ತೆ ಬಂದು ಕೂತವು. ಒಂದು ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಅದು ಕೊಳೆತ ಗಾಯದ ವಾಸನೆ ಎಂದು ಕುರಿಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂಲನ್ನು ಎತ್ತಿದ.

ಕೂದಲು ಕೀವಿನಲ್ಲಿ ಅಂಟಿ ಹಲಗೆಯಾಗಿತ್ತು. ಅದರ ಕೆಳಗೆ ಅಂಗೈ ಅಗಲದಷ್ಟು ತೊಗಲೇ ಇರಲಿಲ್ಲ.

"ಬೀರಪ್ಪಾ" ಎಂದ.

ಗಾಯಕ್ಕೆ ಹುಳ ಬೀಳುವ ಮೊದಲು ಸುತ್ತಲಿನ ಉಣ್ಣೆ ಕತ್ತರಿಸಬೇಕು, ಅದು ಕುರಿಗಾರನ ಕೈಗೆ ಗೊತ್ತಿರುವ ಮೊದಲ ಪಾಠ. ತಲೆ ಯೋಚಿಸುವ ಮುನ್ನ ಕೈ ಕತ್ತರಿ ಹುಡುಕಿತ್ತು. ಕುರಿಯ ಮೈ ಬೋಳಿಸುವವರು ಒಂದೆಡೆ ಶುರು ಮಾಡಿದರೆ ಅರ್ಧಕ್ಕೆ ನಿಲ್ಲುವವರಲ್ಲ. ಆ ಉದ್ದನೆಯ ಹಾಲು ಬಣ್ಣದ ಜೂಲು ಹಿಡಿ ಹಿಡಿಯಾಗಿ ನೆಲಕ್ಕೆ ಬಿದ್ದಿತು. ಬಿಸಿನೀರಿಗೆ ಉಪ್ಪು, ಬೇವಿನ ಸೊಪ್ಪು ಹಾಕಿ ಗಾಯ ತೊಳೆದ. ಮೋತಿ ನಡುಗುತ್ತ ನಿಂತಿತ್ತು, ಒದೆಯಲಿಲ್ಲ.

ಕೀವು ತೊಳೆದು ಹೋದ ಮೇಲೆ ಗಾಯದ ಆಕಾರ ಕಾಣಿಸಿತು. ಎರಡು ಗೆರೆಗಳು, ಒಂದರ ಮೇಲೊಂದು ಅಡ್ಡ ಹಾಯ್ದಿದ್ದವು. ನಡುವೆ ಅವು ಕೂಡಿದಲ್ಲಿ ಆಳವಾದ ಕುಣಿ.

ಕಾಳಪ್ಪ ಅದನ್ನು ನೋಡಿದ. ಆಮೇಲೆ ಗೋಡೆಗೆ ತೂಗುಹಾಕಿದ್ದ ಹಗ್ಗವನ್ನು ನೋಡಿದ. ಆ ಗುರುತನ್ನು ಅವನು ಸಾವಿರ ಸಲ ಕಂಡಿದ್ದ, ಆದರೆ ಕಂಬಳಿಯ ಮೇಲೆ. ಹೇರು ಬಿಚ್ಚಿದಾಗ ಕಂಬಳಿಯಲ್ಲಿ ಮೂಡಿರುತ್ತಿದ್ದ ಅದೇ ಅಡ್ಡ ಗೆರೆ, ಅದೇ ಕುಣಿ. ಇಲ್ಲಿ ಅದು ಜೀವದ ಮೇಲೆ ಮೂಡಿತ್ತು. ಹನ್ನೊಂದು ಮದುವೆ, ಹನ್ನೊಂದು ಸಲ ತಾನೇ ಮೊಣಕಾಲು ಊರಿ ಜಗ್ಗಿದ್ದ. ಕೊರಳು ನಡುಗಿಸಿ, ತೋಳು ಹಿಡಿದು, ಮೂಕ ಪ್ರಾಣಿ ತನಗೆ ತಿಳಿದ ರೀತಿಯಲ್ಲೆಲ್ಲ ಹೇಳಿತ್ತು. ಅದಕ್ಕೆ ಪ್ರತಿಯಾಗಿ ಮೂತಿಗೆ ಏಟು ಸಿಕ್ಕಿತ್ತು. ಬಿದ್ದ ಜೂಲಿನ ನಡುವೆಯೇ ಕಾಳಪ್ಪ ಕುಕ್ಕರಿಸಿದ.

ಶಂಕರಲಿಂಗ ಮಧ್ಯಾಹ್ನ ನಾಳಿನ ಮದುವೆಗೆಂದು ಹೊಸ ಕೊರಳಪಟ್ಟಿ ಹಿಡಿದುಕೊಂಡು ನಗುನಗುತ್ತ ಲಾಯಕ್ಕೆ ಬಂದ. ಬಂದವನು ಬಾಗಿಲಲ್ಲಿಯೇ ಗರ ಬಡಿದವನಂತೆ ನಿಂತ. ಅವನ ಮೋತಿ ಬೋಳು ಕೊರಳು ಹೊತ್ತು ನಿಂತಿತ್ತು, ಕತ್ತೆಯೋ ಕುದುರೆಯೋ ಹೇಳಲು ಬರುತ್ತಿರಲಿಲ್ಲ.

"ಶಿವಾ! ಏನ್ ಮಾಡಿದ್ಯೋ ಪಾಪಿ! ನಾಳಿ ಮದಿವಿ ಐತಿ! ನನ್ನ ಕುದುರಿ ಬೋಳಿಸಿ ಬಿಟ್ಯಲ್ಲೋ!" ಎಂದು ಕೂಗಿದ.

ಕಾಳಪ್ಪ ಎದ್ದು ಪಕ್ಕಕ್ಕೆ ಸರಿದ, ಗಾಯ ಕಂಡಿತು. ಶಂಕರಲಿಂಗನ ಕೈಯಿಂದ ಕೊರಳಪಟ್ಟಿ ಕಳಚಿ ಬಿತ್ತು. ಅವನು ವ್ಯಾಪಾರಿ ನಿಜ, ಆದರೆ ಮೋತಿಯನ್ನು ಮರಿಯಿದ್ದಾಗಿನಿಂದ ಸಾಕಿದ್ದ. ಅವನ ಕಣ್ಣುಗಳು ತುಂಬಿ ಬಂದವು.

"ಯಾವಾಗಿಂದ ಐತಿ ಇದು?"

"ಒಳಗಿಂದೊಳಗ ಭಾಳ ದಿವಸ ಆಗೇತ್ರಿ. ದನದ ಡಾಕ್ಟರಿಗೆ ಫೋನ್ ಮಾಡೀನಿ, ಸಂಜಿಗೆ ಬರ್ತಾರ್ರಿ."

ಶಂಕರಲಿಂಗನ ಮುಖ ಕೆಂಪಾಯಿತು. "ದೀಪಕ! ಆ ಬಾಡ್ಯಾ! ಹಾಳು ಮಾಡಿ, ಜೂಲಿನ್ಯಾಗ ಮುಚ್ಚಿಟ್ಟು ಓಡಿ ಹೋಗ್ಯಾನ. ನೀ ಜೂಲು ತಗೀದಿದ್ರ ನನ್ನ ಮೋತಿ ಉಳೀತಿರಲಿಲ್ಲ. ನಾ ನಿನಗ ಬೈದೆ, ತಪ್ಪಾತು ಕಾಳಪ್ಪ." ಎಂದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ.

ಕಾಳಪ್ಪನಿಗೆ ದಿಗಿಲಾಯಿತು. ಬೈಗುಳಕ್ಕೆ ತಲೆ ಒಡ್ಡಿ ನಿಂತವನ ಕೊರಳಿಗೆ ಹಾರ ಬಿದ್ದಿತ್ತು.

ಶಂಕರಲಿಂಗ ಆಗಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿದ್ದ. ಬಾದಾಮಿಯಿಂದ ದೀಪಕನ ದನಿ ಬಂತು. ಶಂಕರಲಿಂಗ ಉಸಿರು ಬಿಡದೆ ಬೈದ. ದೀಪಕನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅಳು ಬಂದವನ ಹಾಗೆ, "ಬಸವಣ್ಣನಾಣಿ ನನಗ ಗೊತ್ತಿಲ್ರಿ ಸಾವಕಾರ್ರ. ನಾ ಬಿಟ್ಟು ಬರೂ ಮುಂದ ಮೋತಿ ಚೊಲೋ ಇತ್ರಿ" ಎಂದ.

"ಸುಳ್ಳು ಬೊಗಳಬ್ಯಾಡ. ಈಗ ಗುರಲಿಂಗಪ್ಪನವರಿಗೆ ಹೇಳಿ ನಿನ್ನ ಹೊರಗ ಹಾಕಸ್ತೇನಿ. ಈ ಜಿಲ್ಲಾದಾಗ ಯಾರೂ ನಿನ್ನ ಕೈಗೆ ಕುದುರಿ ಕೊಡಬಾರದು. ಕಾಳಪ್ಪ, ಆ ಮನಿ ನಿನಗ. ನಾ ಹೇಳ್ತೇನಿ."

ನೋಡಿ, ಬಾಯಿ ತೆರೆಯಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಬಾದಾಮಿಯ ಮನೆ, ಎದ್ದ ಹೆಸರು, ತಮ್ಮಂದಿರ ಮುಂದೆ ಎತ್ತಿದ ತಲೆ, ಎಲ್ಲ ಹಾಗೆಯೇ ಉಳಿಯುತ್ತಿದ್ದವು. ಕಾಳಪ್ಪ ಸುಮ್ಮನೆ ನಿಂತ ಕೂಡ. ಎಷ್ಟು ಹೊತ್ತು ಎಂದರೆ ಶಂಕರಲಿಂಗ ಒಂದು ಫೋನು ಹಿಡಿದುಕೊಂಡೇ ಜೇಬಿನಿಂದ ಇನ್ನೊಂದನ್ನು ತೆಗೆದು ಗುರಲಿಂಗಪ್ಪನವರ ನಂಬರು ಹುಡುಕುವಷ್ಟು ಹೊತ್ತು. ಆ ಸ್ವಲ್ಪ ಹೊತ್ತನ್ನು ನೆನೆದರೆ ತನಗೆ ಇವತ್ತಿಗೂ ಮೈ ಬೆವರುತ್ತದೆ ಎಂದು ಅವನೇ ಹೇಳುತ್ತಾನೆ.

"ಬ್ಯಾಡ್ರಿ ಸಾವಕಾರ್ರ" ಎಂದ ಕೊನೆಗೆ. "ಆ ಗಂಟು ನಂದ್ರಿ."

"ಯಾವ ಗಂಟು?"

ಕಾಳಪ್ಪ ಗೋಡೆಯ ಹಗ್ಗ ತೆಗೆದುಕೊಂಡ. ತನ್ನ ಮುಂಗೈಯ ಮೇಲೆಯೇ ಆ ಗಂಟು ಹಾಕಿ ಜಗ್ಗಿ ಬಿಚ್ಚಿದ. ತೊಗಲ ಮೇಲೆ ಕೆಂಪಗೆ ಎರಡು ಗೆರೆ, ನಡುವೆ ಕುಣಿ. ಆ ಕೈಯನ್ನು ಮೋತಿಯ ಗಾಯದ ಪಕ್ಕ ಹಿಡಿದ.

ಶಂಕರಲಿಂಗ ಕೈಯನ್ನೂ ಗಾಯವನ್ನೂ ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ, ಅದೇ ಕಾಳಪ್ಪನನ್ನು ಇನ್ನಷ್ಟು ಹೆದರಿಸಿತು. "ಯಾಕ ಹೇಳಿದಿ?" ಎಂದ ಶಂಕರಲಿಂಗ. "ಸುಮ್ನ ಇರಬಾರದಾಗಿತ್ತೇನು? ಈಗ ನಿನ್ನ ಹೆಂಗ ಇಟ್ಕೊಳ್ಳಿ?"

ಸ್ಪೀಕರಿನಿಂದ ದೀಪಕನ ದನಿ ಕೇಳಿತು. ಅವನು ಇನ್ನೂ ಫೋನಿನಲ್ಲಿಯೇ ಇದ್ದಾನೆ ಎಂಬುದನ್ನು ಇಬ್ಬರೂ ಮರೆತಿದ್ದರು.

"ಕಾಕಾ, ಗಂಟಿನ ಕೆಳಗ ಏನ್ ಹಾಕಿದ್ರಿ?"

ಕಸುಬು ಬಲ್ಲವನ ಪ್ರಶ್ನೆ ಅದು. ಬೈಗುಳದಂತಿರಲಿಲ್ಲ, ಆದರೆ ಅಷ್ಟು ದಿನದಲ್ಲಿ ಕಾಳಪ್ಪನನ್ನು ಯಾರೂ ಕೇಳದ, ಅವನೂ ತನ್ನನ್ನು ಕೇಳಿಕೊಳ್ಳದ ಮಾತು.

"ಏನೂ ಹಾಕಿರಲಿಲ್ಲೋ ತಮ್ಮಾ" ಎಂದ.

ದೀಪಕ ಫೋನ್ ಇಟ್ಟ.

ಶಂಕರಲಿಂಗ ಬಾಗಿಲ ಕಟ್ಟೆಯ ಮೇಲೆ ಕೂತುಬಿಟ್ಟ. ಬಾಗಲಕೋಟೆಯ ಮದುವೆಯವರ ನಂಬರು ತೆಗೆದು, ಒತ್ತಲಾರದೆ ಹಿಡಿದುಕೊಂಡ. "ಇವರಿಗೆ ಏನ್ ಹೇಳ್ಲಿ? ಕುದುರಿಗೆ ಜಡ್ಡು ಅಂತ ಹೇಳಿಬಿಡ್ಲ್ಯಾ?"

ಕಾಳಪ್ಪ ಅರಿಶಿನ ಕಲಸಿದ ಬೇವಿನೆಣ್ಣೆಯನ್ನು ಅರಿವೆಯ ತುದಿಗೆ ಅದ್ದಿಕೊಂಡಿದ್ದ. "ಜಡ್ಡು ಅಂದ್ರ ಮೋತಿ ಹೆಸರು ಕೆಡತೈತ್ರಿ. ಕುದುರಿ ನೋಡ್ಕೊಳ್ಳಾವ ಕೆಡಿಸ್ಯಾನ ಅಂತ ಹೇಳ್ರಿ. ನನ್ನ ಹೆಸರು ಹೇಳ್ರಿ."

"ಹೇಳಿದ್ರ ನಿನ್ನ ಕತಿ ಏನು?"

ಕಾಳಪ್ಪ ಗಾಯದ ಕಡೆ ತಿರುಗಿದ. ಶಂಕರಲಿಂಗ ಇನ್ನೂ ಸ್ವಲ್ಪ ಹೊತ್ತು ಕಾದ, ಅವನು ಮಾತು ಹಿಂದೆಗೆದುಕೊಳ್ಳುತ್ತಾನೆ ಎಂದೇ ಕಾದಂತಿತ್ತು. ಕಾಳಪ್ಪ ಹಿಂದೆಗೆದುಕೊಳ್ಳಲಿಲ್ಲ. ಶಂಕರಲಿಂಗ ನಂಬರು ಒತ್ತಿದ, ಫೋನು ಆ ಕಡೆ ಎರಡು ಸಲ ರಿಂಗಾಯಿತು. ಎದ್ದು ನಿಂತು, ಆಗಿದ್ದನ್ನು ಆದಂತೆ ಹೇಳಿದ. ಹೆಸರನ್ನೂ ಹೇಳಿದ, ಊರನ್ನೂ ಹೇಳಿದ. ಎಣ್ಣೆ ಹಚ್ಚುತ್ತಿದ್ದ ಕಾಳಪ್ಪ ಎಲ್ಲವನ್ನೂ ಕೇಳಿಸಿಕೊಂಡ.